ಸಾವಿರ ಕರೆ ಹಚ್ಚೋ ಯಂತ್ರ ಸಿಗ್ತದೆ, ಮಾತಾಡೋರು ಎಷ್ಟು ಜನ?

(ಪಾಡ್‌ಕಾಸ್ಟ್ ಮಾತಿನ ಬರಹರೂಪ)

ಇವತ್ತಿನ ಸಂಚಿಕೆಯಲ್ಲಿ ಆಟೋ ಡಯಲರ್ ಬಗ್ಗೆ ಮಾತಾಡೋಣ. ಗ್ರಾಹಕರ ನಂಬರ್ ಪಟ್ಟಿ ಕೊಟ್ಟರೆ ತಾನೇ ಒಂದಾದ ಮೇಲೊಂದು ಫೋನ್ ಹಚ್ಚಿ, ಆ ಕಡೆಯವರು ಎತ್ತಿದ ಕೂಡಲೇ ನಮ್ಮ ಹುಡುಗರ ಕೈಗೆ ಕೊಡೋ ಸಾಫ್ಟ್‌ವೇರ್ ಇದು. ಮೊದಲು ದೊಡ್ಡ ಕಾಲ್ ಸೆಂಟರ್‌ಗಳಲ್ಲಿ ಮಾತ್ರ ಇರ್ತಿತ್ತು. ಈಗ ತಿಂಗಳ ಬಾಡಿಗೆಗೆ ಸಿಗ್ತದೆ. ಹಾಗಾಗಿ ಅಫಜಲಪುರದ ಗೊಬ್ಬರದ ಅಂಗಡಿಯವರೂ ಕೇಳ್ತಾರೆ, ಜೇವರ್ಗಿಯ ಟ್ರ್ಯಾಕ್ಟರ್ ಶೋರೂಮಿನವರೂ ಕೇಳ್ತಾರೆ, ಆಳಂದದ ಟ್ಯೂಷನ್ ಕ್ಲಾಸಿನವರೂ ಕೇಳ್ತಾರೆ: "ಯಾವ್ದು ತಗೋಬೇಕ್ರಿ?"

ನಾನು ಈ ಭಾಗದಲ್ಲಿ ಸಣ್ಣ ಅಂಗಡಿ, ಸಣ್ಣ ಕಚೇರಿಗಳಿಗೆ ಫೋನ್ ವ್ಯವಸ್ಥೆ ಹೊಂದಿಸಿ ಕೊಡೋ ಕೆಲಸ ಮಾಡ್ತೀನಿ. ಯಾವ ಕಂಪನಿಯ ಏಜೆಂಟೂ ಅಲ್ಲ. ಯಾರಾದರೂ ಹೀಗೆ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳ್ತೀನಿ. ಆ ಕಡೆಯವರು ಫೋನ್ ಎತ್ತಿ "ಹಲೋ" ಅಂದಾಗ ಮಾತಾಡೋಕೆ ನಿಮ್ಮಲ್ಲಿ ಎಷ್ಟು ಜನ ಇದ್ದಾರೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಯಾಕೆ ಅಂತ ಒಂದು ಊರಿನ ಲೆಕ್ಕ ಇಟ್ಟುಕೊಂಡೇ ಹೇಳ್ತೀನಿ.

ಅಫಜಲಪುರ ತಾಲ್ಲೂಕಿನ ಹವಳಗಾ ನಿಮಗೆ ಗೊತ್ತಿರಬಹುದು, ರೇಣುಕಾ ಶುಗರ್ಸ್ ಕಾರ್ಖಾನೆ ಇರೋ ಊರು. ಭೀಮಾ ನದಿಯ ನೀರು, ಕಬ್ಬು, ತೊಗರಿ. ಕಬ್ಬು ನುರಿಸೋ ಹಂಗಾಮು ಬಂತು ಅಂದ್ರೆ ರಸ್ತೆ ತುಂಬ ಟ್ರ್ಯಾಕ್ಟರ್ ಸಾಲು. ಅಲ್ಲಿ ನನ್ನ ಪರಿಚಯದವರೊಬ್ಬರು ಮೋಟರ್, ಪೈಪು, ಹನಿ ನೀರಾವರಿ ಸಾಮಾನು ಮಾರ್ತಾರೆ, ಮೋಟರ್ ರಿಪೇರಿನೂ ಮಾಡಿಸಿ ಕೊಡ್ತಾರೆ. ರೈತರು ಅವರನ್ನ ಸಾವಕಾರ್ರು ಅಂತಾರೆ, ನಾನೂ ಇಲ್ಲಿ ಹಾಗೇ ಕರೀತೀನಿ. ಅವರ ಹತ್ರ 600 ರೈತರ ಹೆಸರು, ನಂಬರ್ ಇರೋ ಪಟ್ಟಿ ಇದೆ. ಫೋನ್ ಮಾಡೋಕೆ ಇಬ್ಬರು: ಒಬ್ಬರು ಅವರ ತಮ್ಮ, ಇನ್ನೊಬ್ಬಾಕೆ ಬಿಲ್ ಬರೆಯೋ ಹುಡುಗಿ. ಅಂಗಡಿಯ ಮೊಬೈಲ್ ನಂಬರ್ 14 ವರ್ಷದ್ದು. ಬಿಲ್ಲಿನ ಮೇಲೆ ಅದೇ ನಂಬರ್, ಬೋರ್ಡಿನ ಮೇಲೆ ಅದೇ, ಬಾವಿ ಪಂಪಿನ ಮನೆಗಳ ಗೋಡೆ ಮೇಲೂ ಅದೇ.

ಒಬ್ಬ ಸಾಫ್ಟ್‌ವೇರ್ ಮಾರೋ ಹುಡುಗ ಅವರ ಹತ್ರ ಬಂದು ಹೋಗಿದ್ದ. "ನಾಕೈದು ಸಿಮ್ ತಗೊಳ್ರಿ ಸರ, ನಮ್ಮ ಆ್ಯಪ್ ಹಾಕ್ರಿ, ಪಟ್ಟಿ ಏರಸ್ರಿ. ತಾಸಿಗಿ ನೂರಾರು ಕಾಲ್ ಹೋಗ್ತಾವ. ಒಂದ್ ಸಿಮ್ ಬ್ಲಾಕ್ ಆದ್ರ ಇನ್ನೊಂದ್ ಅದ ಅಲ್ರಿ." ಸಾವಕಾರ್ರು ನನ್ನ ಕೇಳಿದ್ದು ಒಂದೇ ಮಾತು: "ಬ್ಲಾಕ್ ಯಾಕ ಆಗ್ತದ್ರಿ ಅದು? ನಾ ಏನ್ ಕಳ್ಳತನ ಮಾಡ್ಲತ್ತೀನಿ?"

ಒಳ್ಳೆ ಪ್ರಶ್ನೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಯಂತ್ರದ ಬಗೆ ತಿಳಿಯೋಣ.

ಆಟೋ ಡಯಲರ್ ಅನ್ನೋ ಒಂದೇ ಹೆಸರಲ್ಲಿ ನಾಲ್ಕು ಬೇರೆ ಬೇರೆ ಸಾಮಾನು ಮಾರ್ತಾರೆ. ಮೊದಲನೇದು ಪ್ರಿವ್ಯೂ ಡಯಲರ್. ಯಾರಿಗೆ ಕರೆ ಹೋಗಬೇಕೋ ಅವರ ಹೆಸರು, ಊರು, ಹಿಂದೆ ಏನು ತಗೊಂಡಿದ್ರು ಅನ್ನೋದನ್ನ ಪರದೆ ಮೇಲೆ ತೋರಿಸ್ತದೆ. ನೋಡಿಕೊಂಡು ನೀವು ಗುಂಡಿ ಒತ್ತಿದ ಮೇಲೆ ಕರೆ ಹೋಗ್ತದೆ. ಎರಡನೇದು ಪ್ರೋಗ್ರೆಸಿವ್. ನಿಮ್ಮ ಕಡೆ ಒಬ್ಬರು ಖಾಲಿ ಆದ ಕೂಡಲೇ ಮುಂದಿನ ಒಂದೇ ಒಂದು ನಂಬರಿಗೆ ತಾನೇ ಹಚ್ತದೆ. ಮೂರನೇದು ಪ್ರೆಡಿಕ್ಟಿವ್. ಎಲ್ಲರೂ ಫೋನ್ ಎತ್ತೋದಿಲ್ಲ ಅಂತ ಅಂದಾಜು ಕಟ್ಟಿ, ಒಬ್ಬ ಖಾಲಿ ಇದ್ದರೆ ಎರಡೋ ಮೂರೋ ನಂಬರಿಗೆ ಒಟ್ಟಿಗೇ ಹಚ್ತದೆ, ಮೊದಲು ಎತ್ತಿದವರನ್ನ ಕೊಡ್ತದೆ. ನಾಲ್ಕನೇದು ಮಾತಾಡೋ ಮನುಷ್ಯನೇ ಇಲ್ಲದ್ದು. ಮುಂಚೆ ಹಿಡಿದಿಟ್ಟ ಧ್ವನಿ ಕೇಳಿಸಿ ಇಟ್ಟುಬಿಡ್ತದೆ. ಇದನ್ನ ರೋಬೋ ಕಾಲ್ ಅಂತಾರೆ.

ಮಾರೋರು ಹೆಚ್ಚಾಗಿ ಹೊಗಳೋದು ಮೂರನೇದನ್ನ. "ಪ್ರೆಡಿಕ್ಟಿವ್ ತಗೊಂಡ್ರೆ ನಿಮ್ಮ ಹುಡುಗರು ಒಂದು ನಿಮಿಷನೂ ಖಾಲಿ ಕೂರೋದಿಲ್ಲ" ಅಂತಾರೆ. ಅದು ನಿಜಾನೇ. ಆದರೆ ಅದರ ಬೆಲೆ ಯಾರು ಕೊಡ್ತಾರೆ ಅಂತ ನೋಡೋಣ. ಪೆನ್ನು, ಹಾಳೆ ಇದ್ದರೆ ತಗೊಳ್ಳಿ, ಸಣ್ಣ ಲೆಕ್ಕ.

ಮೂರು ಜನಕ್ಕೆ ಹಚ್ಚಿದರೆ ಒಬ್ಬರು ಎತ್ತತಾರೆ ಅಂತಿಟ್ಟುಕೊಳ್ಳಿ. ನಿಮ್ಮ ಕಡೆ ಒಬ್ಬರು ಖಾಲಿ ಇದ್ದಾರೆ. ಯಂತ್ರ ಒಟ್ಟಿಗೆ ಮೂರು ನಂಬರಿಗೆ ಹಚ್ಚಿತು. ಇಂಥ 27 ಸುತ್ತು ನಡೆದರೆ, ಸರಾಸರಿ 8 ಸುತ್ತಲ್ಲಿ ಯಾರೂ ಎತ್ತೋದಿಲ್ಲ. 12 ಸುತ್ತಲ್ಲಿ ಸರಿಯಾಗಿ ಒಬ್ಬರು ಎತ್ತತಾರೆ. 6 ಸುತ್ತಲ್ಲಿ ಇಬ್ಬರು ಒಟ್ಟಿಗೇ ಎತ್ತಿಬಿಡ್ತಾರೆ. 1 ಸುತ್ತಲ್ಲಿ ಮೂವರೂ ಎತ್ತತಾರೆ. ಕೂಡಿಸಿ ನೋಡಿ: ಒಟ್ಟು 27 ಜನ ಫೋನ್ ಎತ್ತಿದರು. ಅದರಲ್ಲಿ 19 ಜನರ ಜೊತೆ ಮಾತಾಯ್ತು. ಉಳಿದ 8 ಜನ ಹೊಲದಲ್ಲಿ ಕೈ ಒರೆಸಿಕೊಂಡು, ಜೇಬಿಂದ ಫೋನ್ ತೆಗೆದು, "ಹಲೋ, ಹಲೋ" ಅಂದರು. ಆ ಕಡೆ ಯಾರೂ ಇಲ್ಲ. ಕಟ್ಟಾಯ್ತು.

ಹತ್ತರಲ್ಲಿ ಮೂರು ಜನ ಅನ್ನಿ. ಅಮೆರಿಕದಲ್ಲಿ ಮಾರಾಟದ ಕರೆಗಳಿಗೆ ಇರೋ ನಿಯಮದ ಪ್ರಕಾರ, ಎತ್ತಿದವರು ಹಲೋ ಅಂದು ಮುಗಿಸಿದ 2 ಸೆಕೆಂಡಿನೊಳಗೆ ಮನುಷ್ಯ ಮಾತಾಡಬೇಕು. ಹಾಗೆ ಮಾತಾಡದೆ ಬಿಟ್ಟುಹೋದ ಕರೆಗಳು ನೂರಕ್ಕೆ 3 ದಾಟಬಾರದು. ನಮ್ಮ ಲೆಕ್ಕದಲ್ಲಿ ಬಂದಿದ್ದು ನೂರಕ್ಕೆ 30ರ ಹತ್ತಿರ.

ಹಾಗಾದರೆ ದೊಡ್ಡ ಕಂಪನಿಗಳಿಗೆ ಹೇಗೆ ಸರಿ ಹೋಗ್ತದೆ? ಅವರ ಹತ್ರ ನೂರು ಜನ ಕೂತಿರ್ತಾರೆ. ಯಾವುದೇ ಗಳಿಗೆಯಲ್ಲಿ ಯಾರೋ ಒಬ್ಬರ ಮಾತು ಮುಗೀತಿರ್ತದೆ, ಹೆಚ್ಚಿಗೆ ಬಂದ ಕರೆ ಅವರಿಗೆ ಹೋಗ್ತದೆ. ಜನ ಹೆಚ್ಚಿದಷ್ಟೂ ಅಂದಾಜು ಗಟ್ಟಿ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ ಟೆಲಿಫೋನ್ ಕರೆಗಳು ಬರೋ ರೀತಿಯನ್ನ ಗಣಿತಕ್ಕೆ ಇಳಿಸಿ ಬರೆದದ್ದು 1909ರಲ್ಲಿ. ಇವತ್ತಿಗೂ ಕಾಲ್ ಸೆಂಟರ್‌ಗಳು ಎಷ್ಟು ಜನ ಬೇಕು ಅಂತ ಲೆಕ್ಕ ಹಾಕೋದು ಆ ದಾರಿಯಲ್ಲೇ. ದೊಡ್ಡ ಕೆರೆಗೆ ನಾಲ್ಕು ಕೊಡ ನೀರು ಹೆಚ್ಚು ಬಂದರೆ ಗೊತ್ತಾಗೋದಿಲ್ಲ, ಮನೆಯ ಹಂಡೆಗೆ ಬಂದರೆ ಅಂಗಳ ತೋಯ್ತದೆ. ಇಬ್ಬರೋ ಮೂವರೋ ಕೂತು ಫೋನ್ ಮಾಡೋ ಅಂಗಡಿ ಆ ಹಂಡೆ. ಹತ್ತು ಜನ ಕೂಡ ಇಲ್ಲದವರು ಪ್ರೆಡಿಕ್ಟಿವ್ ಕಡೆ ತಲೆ ಹಾಕಬೇಡಿ ಅಂತ ನಾನು ಹೇಳೋದು ಈ ಲೆಕ್ಕಕ್ಕೆ.

ಇನ್ನೊಂದು ಲೆಕ್ಕ. ಸಾವಕಾರ್ರಿಗೆ ನಿಜವಾಗಿ ಎಷ್ಟು ಹೊತ್ತು ಉಳೀತದೆ? 600 ನಂಬರ್. ಒಂದೊಂದಕ್ಕೂ ರಿಂಗ್ ಆಗೋಕೆ ಅರ್ಧ ನಿಮಿಷ ಅಂದ್ರೆ 300 ನಿಮಿಷ. ಮೂರರಲ್ಲಿ ಒಬ್ಬರು ಎತ್ತಿದರೆ 200 ಜನ. ಒಬ್ಬೊಬ್ಬರ ಜೊತೆ 3 ನಿಮಿಷ ಮಾತು ಅಂದ್ರೆ 600 ನಿಮಿಷ. ಎಲ್ಲಾ ಸೇರಿ 900 ನಿಮಿಷ, 15 ತಾಸು. ಇಬ್ಬರು ಹಂಚಿಕೊಂಡರೆ ತಲಾ ಏಳೂವರೆ ತಾಸು. ಬೆಳಿಗ್ಗೆ ಎರಡು, ಸಂಜೆ ಎರಡು ತಾಸು ಕೂತರೆ ಎರಡು ದಿನದ ಕೆಲಸ. ಯಂತ್ರ ಎಷ್ಟೇ ಚುರುಕಾಗಿದ್ದರೂ ಮಾತಿನ 600 ನಿಮಿಷ ಕಡಿಮೆ ಮಾಡೋದಿಲ್ಲ. ಉಳಿಸೋದು ರಿಂಗಿನ ಹೊತ್ತಲ್ಲಿ ಒಂದಿಷ್ಟು, ನಂಬರ್ ಒತ್ತೋ ಬೆರಳಿನ ನೋವು ಒಂದಿಷ್ಟು. ವರ್ಷಕ್ಕೆ ನಾಲ್ಕು ಸಲ ಹೀಗೆ ಕರೆ ಮಾಡೋರು ಎಂಟು ದಿನದ ಕೆಲಸಕ್ಕೆ ಹನ್ನೆರಡು ತಿಂಗಳ ಬಾಡಿಗೆ ಕಟ್ಟಬೇಕಾ ಅಂತ ಕೇಳಿಕೊಳ್ಳಲೇಬೇಕು.

ಅಂಗಡಿಯಲ್ಲಿ ನಷ್ಟ ಆಗ್ತಿದ್ದದ್ದು ಎಲ್ಲಿ ಅಂತ ನಾವು ಕೂತು ನೋಡಿದೆವು. ಕರೆ ಮಾಡೋದರಲ್ಲಿ ಹೆಚ್ಚು ಏನೂ ತೊಂದರೆ ಇರಲಿಲ್ಲ. ನೆನಪಲ್ಲಿ ತೊಂದರೆ. "ಸೋಮವಾರ ಫೋನ್ ಹಚ್ರಿ, ಕಬ್ಬಿನ ಬಿಲ್ ಬಂದಮ್ಯಾಲ ಪೈಪ್ ಒಯ್ತೀನಿ" ಅಂದವರಿಗೆ ಸೋಮವಾರ ಯಾರೂ ಹಚ್ಚಿಲ್ಲ. ಒಬ್ಬರಿಗೆ ತಮ್ಮ ಮಾತಾಡಿದ್ದು ಗೊತ್ತಿಲ್ಲದೆ ಆ ಹುಡುಗಿ ಮತ್ತೆ ಹಚ್ಚಿದ್ದಾಳೆ. ಮೋಟರ್ ಕೆಟ್ಟು ರೈತ ಮೂರು ಸಲ ಫೋನ್ ಮಾಡಿದ್ದಾನೆ, ಲೈನ್ ಬಿಜಿ, ಬೇರೆ ಅಂಗಡಿಗೆ ಹೋಗಿದ್ದಾನೆ. ಹೊರಗೆ ಹೋಗೋ ಕರೆಗಿಂತ ಒಳಗೆ ಬರೋ ಕರೆ ತಪ್ಪಿದ್ದೇ ಅವರ ದೊಡ್ಡ ನಷ್ಟ. ಬಹಳಷ್ಟು ಸಣ್ಣ ಅಂಗಡಿಗಳಲ್ಲಿ ನಾನು ಇದನ್ನೇ ಕಂಡಿದ್ದೀನಿ.

ಈಗ ಸಾವಕಾರ್ರ ಪ್ರಶ್ನೆಗೆ ಬರೋಣ. ಸಿಮ್ ಬ್ಲಾಕ್ ಯಾಕೆ ಆಗ್ತದೆ?

ನಮ್ಮ ದೇಶದಲ್ಲಿ ವ್ಯಾಪಾರದ ಕರೆಗಳಿಗೆ ಟ್ರಾಯ್, ಅಂದ್ರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2018ರಲ್ಲಿ ನಿಯಮ ಮಾಡಿದೆ, ಫೆಬ್ರವರಿ 2025ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದೆ. ಪ್ರಚಾರದ ಕರೆ ಮಾಡೋರು ದೂರವಾಣಿ ಕಂಪನಿಯಲ್ಲಿ ನೋಂದಣಿ ಆಗಬೇಕು. ಆ ಕರೆ 140ರಿಂದ ಶುರುವಾಗೋ ನಂಬರಿಂದಲೇ ಹೋಗಬೇಕು. ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳ ಸೇವೆಯ ಕರೆಗೆ 1600ರ ಸರಣಿ ಇಟ್ಟಿದ್ದಾರೆ. ಮಾಮೂಲಿ ಹತ್ತು ಅಂಕಿಯ ಮೊಬೈಲಿಂದ ಪ್ರಚಾರ ಮಾಡೋ ಹಾಗಿಲ್ಲ. ಆಟೋ ಡಯಲರ್ ಬಳಸೋದಾದರೆ ದೂರವಾಣಿ ಕಂಪನಿಗೆ ಮುಂಚೆಯೇ ತಿಳಿಸಬೇಕು. 1909ಕ್ಕೆ ಹೇಳಿ "ನನಗೆ ಬೇಡ" ಅಂತ ಬರೆಸಿದವರಿಗೆ ಪ್ರಚಾರದ ಕರೆ ಹೋಗಬಾರದು.

ಮೀರಿದರೆ ಏನಾಗ್ತದೆ? ನೋಂದಣಿ ಇಲ್ಲದೆ ಕರೆ ಮಾಡಿದವರ ಮೇಲೆ ಗ್ರಾಹಕರು 7 ದಿನದೊಳಗೆ ದೂರು ಕೊಡಬಹುದು. 10 ದಿನದಲ್ಲಿ 5 ದೂರು ಬಂದರೆ ಕ್ರಮ ಶುರು. ಮೊದಲು 7 ದಿನದಲ್ಲಿ 10 ದೂರು ಬೇಕಿತ್ತು, ಈಗ 5 ಸಾಕು. ಮೊದಲ ಸಲ ತಪ್ಪಾದರೆ 15 ದಿನ ಹೊರಗೆ ಹೋಗೋ ಕರೆಗಳೆಲ್ಲ ಬಂದ್. ಮತ್ತೆ ತಪ್ಪಾದರೆ ಆ ಕರೆದಾರರ ಹೆಸರಿನ ಎಲ್ಲಾ ಸಂಪರ್ಕ, ಎಲ್ಲಾ ಕಂಪನಿಗಳಲ್ಲೂ, ಒಂದು ವರ್ಷ ಕಡಿತ. ಬರೀ ಹೆದರಿಸೋ ಮಾತು ಅಂದ್ಕೋಬೇಡಿ. ಆಗಸ್ಟ್ 2024ರಲ್ಲಿ ಟ್ರಾಯ್ ಆದೇಶ ಹೊರಡಿಸಿದ ಕೆಲವೇ ವಾರದಲ್ಲಿ 2.75 ಲಕ್ಷಕ್ಕೂ ಹೆಚ್ಚು ಸಂಪರ್ಕ ಕಡಿದರು.

"ಎಲ್ಲಾ ಸಂಪರ್ಕ" ಅನ್ನೋದನ್ನ ಇನ್ನೊಮ್ಮೆ ಕೇಳಿಸಿಕೊಳ್ಳಿ. ಪ್ರಚಾರಕ್ಕೆ ಅಂತ ತಗೊಂಡ ಹೊಸ ಸಿಮ್ಮಿನ ಜೊತೆ, ಅದೇ ಹೆಸರಲ್ಲಿ ಇರೋ 14 ವರ್ಷದ ಅಂಗಡಿ ನಂಬರೂ ಹೋಗ್ತದೆ. "ಒಂದ್ ಸಿಮ್ ಹೋದ್ರ ಇನ್ನೊಂದ್ ಅದ" ಅಂತ ಹೇಳೋನಿಗೆ ಕಳ್ಕೊಳ್ಳೋದು ಏನೂ ಇಲ್ಲ, ಕಳ್ಕೊಳ್ಳೋದು ಅಂಗಡಿಯವರು. ಬೇರೆಯವರ ಹೆಸರಲ್ಲಿ ಸಿಮ್ ಪೇರಿಸೋದೂ ಬೇಡ. ಒಬ್ಬರ ಹೆಸರಲ್ಲಿ 9 ಸಿಮ್ ಮಾತ್ರ ಇರಬಹುದು, ಅದಕ್ಕಿಂತ ಹೆಚ್ಚಿದ್ದರೆ 2023ರ ದೂರಸಂಪರ್ಕ ಕಾಯ್ದೆ ಪ್ರಕಾರ ದಂಡ ಮೊದಲ ಸಲಕ್ಕೆ 50 ಸಾವಿರ ರೂಪಾಯಿವರೆಗೆ, ಆಮೇಲೆ 2 ಲಕ್ಷದವರೆಗೆ.

ದೂರು ಬರದೇ ಇದ್ದರೂ ಇನ್ನೊಂದು ಪೆಟ್ಟು ಇದೆ. ಟ್ರೂಕಾಲರ್ ಇರೋರು ನಿಮ್ಮನ್ನ ಸ್ಪ್ಯಾಮ್ ಅಂತ ಗುರುತು ಹಾಕಿದರೆ, ಆ ಆ್ಯಪ್ ಇರೋ ಬೇರೆಯವರಿಗೂ ಅದು ಕೆಂಪು ಬಣ್ಣದಲ್ಲಿ ಕಾಣ್ತದೆ. ಸೆಪ್ಟೆಂಬರ್ 2024ರಿಂದ ಏರ್‌ಟೆಲ್ ತಾನೇ ಅನುಮಾನದ ಕರೆಗಳಿಗೆ ಎಚ್ಚರಿಕೆ ತೋರಿಸ್ತಿದೆ, ಕನ್ನಡದಲ್ಲೂ ತೋರಿಸ್ತದೆ. ಒಂದು ನಂಬರಿಂದ ಎಷ್ಟು ಕರೆ ಹೋಗ್ತಿದೆ, ಒಂದೊಂದು ಕರೆ ಎಷ್ಟು ಹೊತ್ತು ಇರ್ತದೆ ಅನ್ನೋ ನಡವಳಿಕೆ ನೋಡಿ ಅದು ತೀರ್ಮಾನ ಮಾಡ್ತದೆ. ತಾಸಿಗೆ ನೂರಾರು ಕರೆ, ಒಂದೊಂದು ನಾಲ್ಕೇ ಸೆಕೆಂಡು ಅಂದ್ರೆ ಅದಕ್ಕೆ ಅನುಮಾನ ಬರೋದು ಸಹಜ. ಊರಿನ ಮನುಷ್ಯ ತನ್ನ ಫೋನಿನ ಮೇಲೆ "ಸ್ಪ್ಯಾಮ್" ಅಂತ ಓದಿದ ಮೇಲೆ, ನೀವು ನಿಜವಾದ ಕೆಲಸಕ್ಕೆ ಹಚ್ಚಿದರೂ ಎತ್ತೋದಿಲ್ಲ.

ಹಾಗಂತ ಎಲ್ಲಾ ಕರೆನೂ ಪ್ರಚಾರ ಅಲ್ಲ. ಸಾವಕಾರ್ರ 600 ಜನರ ಪಟ್ಟಿಯನ್ನ ನಾವು ಮೂರು ಪಾಲು ಮಾಡಿದೆವು. ನೀವೂ ಸಾಫ್ಟ್‌ವೇರ್ ನೋಡೋ ಮುಂಚೆ ಇದನ್ನೇ ಮಾಡಿ.

ಮೊದಲ ಪಾಲು ಕೆಲಸದ ಕರೆ. "ನಿಮ್ಮ ಮೋಟರ್ ರಿಪೇರಿ ಆಗ್ಯಾದ, ಬಂದು ಒಯ್ರಿ." "ನೀವು ಹೇಳಿದ ಪೈಪು ಬಂದಾವ." ಇದು ಗ್ರಾಹಕ ತಾನೇ ಕೊಟ್ಟ ಕೆಲಸದ ಬಗ್ಗೆ. ಇಲ್ಲಿ ಅವರು ಕಾಯ್ತಿರ್ತಾರೆ, ಎತ್ತತಾರೆ, ಬೈಯೋದಿಲ್ಲ. ಆದರೆ "ಮೋಟರ್ ರೆಡಿ ಆಗ್ಯಾದ, ಹಾಂಗೇ ಹೊಸ ಪಂಪಿನ ಮ್ಯಾಲ ರಿಯಾಯಿತಿ ಅದ" ಅಂತ ಬಾಲ ಹಚ್ಚಿದಿರೋ, ಅದು ಪ್ರಚಾರದ ಕರೆ ಆಗ್ತದೆ.

ಎರಡನೇ ಪಾಲು ಉದ್ರಿ ವಸೂಲಿ. ಇದನ್ನ ಯಾವ ಯಂತ್ರಕ್ಕೂ ಕೊಡಬೇಡಿ ಅಂತ ನಾನು ಕೈ ಮುಗಿದು ಹೇಳ್ತೀನಿ. ಸಾವಕಾರ್ರ ಬಳಿ ಬಂದ ಹುಡುಗ ಇದಕ್ಕೂ ರೋಬೋ ಕಾಲ್ ಇದೆ ಅಂದಿದ್ದ: "ನಿಮ್ಮ ಬಾಕಿ ಇಷ್ಟು ರೂಪಾಯಿ" ಅಂತ ಧ್ವನಿ ಹೋಗ್ತದೆ. ನಮ್ಮ ಕಡೆ ಒಂದು ಫೋನು ಮನೆಮಂದಿಗೆಲ್ಲ. ಮಗಳು ಎತ್ತತಾಳೆ, ಸೊಸೆ ಎತ್ತತಾಳೆ, ಬೀಗರು ಬಂದಾಗ ಸ್ಪೀಕರ್ ಮೇಲೆ ಇರ್ತದೆ. ಯಾರ ಮುಂದೆ ಹೇಳ್ತಿದ್ದೀನಿ ಅನ್ನೋದು ಯಂತ್ರಕ್ಕೆ ಗೊತ್ತಿಲ್ಲ. ಕಬ್ಬಿನ ಹಣ ತಡವಾಗಿ ಬಾಕಿ ಉಳಿದವರ ಮರ್ಯಾದೆ ನಾಲ್ಕು ಜನರ ಮುಂದೆ ತೆಗೆದರೆ, ಆ ಹಣ ಬಂದರೂ ಬರಬಹುದು, ಆ ಮನುಷ್ಯ ಮತ್ತೆ ಅಂಗಡಿ ಮೆಟ್ಟಿಲು ಹತ್ತೋದಿಲ್ಲ. "ಕಾಕಾ, ಆರಾಮ ಇದ್ದೀರಿ? ಮಾತಾಡ್ಲಿಕ್ಕೆ ಈಗ ಹೊತ್ತು ಅದೇನು?" ಅಂತ ಕೇಳಿ, ಆಮೇಲೆ ವಿಷಯ ತೆಗೆಯೋ ಕೆಲಸ ಸಾವಕಾರ್ರೇ ಮಾಡಬೇಕು.

ಮೂರನೇ ಪಾಲು ಹೊಸ ಸಾಮಾನಿನ ಪ್ರಚಾರ. ಇದು ಬೇಕೇ ಬೇಕು ಅಂದ್ರೆ ನೋಂದಣಿ ಮಾಡಿಸಿ, 140ರ ದಾರಿಯಲ್ಲೇ ಹೋಗಿ. ಇಲ್ಲಾ, ಕರೆಯನ್ನೇ ತಿರುಗಿಸಿ: ನೀವು ಅವರಿಗೆ ಹಚ್ಚೋದು ಬಿಟ್ಟು, ಬೇಕಾದವರು ನಿಮಗೆ ಮಿಸ್ ಕಾಲ್ ಕೊಡೋ ಹಾಗೆ ಮಾಡಿ. ಮಿಸ್ ಕಾಲ್ ನಮ್ಮ ಜನ ಕಂಡುಕೊಂಡ ಭಾಷೆ. ಖರ್ಚಿಲ್ಲದೆ "ಬಂದೆ", "ಫೋನ್ ಮಾಡು", "ಮುಟ್ಟಿದೆ" ಅಂತ ಹೇಳ್ತಿದ್ದೆವಲ್ಲ, ಅದನ್ನೇ ಬಂಡವಾಳ ಮಾಡಿಕೊಂಡು ಬೆಂಗಳೂರಿನಲ್ಲಿ ಜಿಪ್‌ಡಯಲ್ ಅನ್ನೋ ಕಂಪನಿ ಹುಟ್ಟಿತು. 2015ರ ಜನವರಿಯಲ್ಲಿ ಟ್ವಿಟರ್ ಅದನ್ನ ಕೊಂಡುಕೊಂಡಿತು. ಅಂಗಡಿ ಬೋರ್ಡಿನ ಮೇಲೆ, ಬಿಲ್ಲಿನ ಹಿಂದೆ "ಹನಿ ನೀರಾವರಿ ಬೆಲೆ ಬೇಕಾದವರು ಮಿಸ್ ಕಾಲ್ ಕೊಡ್ರಿ" ಅಂತ ಹಾಕಿದರೆ, ಕರೆ ಕೊಟ್ಟವರು ತಾವೇ ಕೇಳಿದವರು. ಅವರಿಗೆ ತಿರುಗಿ ಹಚ್ಚಿದರೆ ಬೈಗುಳ ಇಲ್ಲ, ದೂರಿಲ್ಲ. 600 ಜನರನ್ನ ಎಬ್ಬಿಸಿ 10 ಜನ ಆಸಕ್ತರನ್ನ ಹುಡುಕೋದಕ್ಕಿಂತ, ಆ 10 ಜನ ತಾವೇ ಕೈ ಎತ್ತೋ ಹಾಗೆ ಮಾಡೋದು ಸಣ್ಣ ಅಂಗಡಿಗೆ ಅಗ್ಗ.

ಇಷ್ಟಾದ ಮೇಲೆ ಸಾಫ್ಟ್‌ವೇರ್ ಆಯ್ಕೆ. ಮೂರು ದಾರಿ ಇವೆ.

ಒಂದು, ಮೊಬೈಲ್ ಸಿಮ್ ಮೇಲೆ ಓಡೋ ಆ್ಯಪ್. ದಿನಕ್ಕೆ ಹತ್ತಿಪ್ಪತ್ತು ಕೆಲಸದ ಕರೆ, ಯಾರಿಗೆ ಏನು ಹೇಳಿದೆವು ಅಂತ ಬರೆದಿಡೋಕೆ ಸಾಕು. ಪ್ರಚಾರಕ್ಕೆ ಬಳಸಬೇಡಿ.

ಎರಡು, ಕ್ಲೌಡ್ ಟೆಲಿಫೋನಿ. ಎಕ್ಸೊಟೆಲ್, ಓಝೋನ್‌ಟೆಲ್, ನೋಲಾರಿಟಿ, ಮೈಆಪರೇಟರ್ ಇಂಥ ಕಂಪನಿಗಳದ್ದು. ಅಂಗಡಿಯಲ್ಲಿ ಯಂತ್ರ ಇಡೋ ಹಾಗಿಲ್ಲ. ಅವರು ಒಂದು ನಂಬರ್ ಕೊಡ್ತಾರೆ, ಕರೆ ಅವರ ಕಡೆಯಿಂದ ಹೋಗಿ ಬಂದು ನಿಮ್ಮ ಮಾಮೂಲಿ ಮೊಬೈಲಿಗೆ ಸೇರ್ತದೆ. ಊರಲ್ಲಿ ಕರೆಂಟ್ ಹೋದರೂ ಕರೆ ದಾಖಲಾಗ್ತದೆ. ಇಂಟರ್ನೆಟ್ ಮಂದ ಇದ್ದರೂ ಮಾತು ಮೊಬೈಲ್ ಲೈನಿನಲ್ಲೇ ಹೋಗೋ ಹಾಗೆ ಇಟ್ಟುಕೊಳ್ಳಬಹುದು.

ಮೂರು, ಸ್ವಂತ ಸರ್ವರ್. ಆಸ್ಟರಿಸ್ಕ್ ಅನ್ನೋ ಬಿಟ್ಟಿ ಸಾಫ್ಟ್‌ವೇರ್ ಇದೆ. ಅಮೆರಿಕದಲ್ಲಿ ಮಾರ್ಕ್ ಸ್ಪೆನ್ಸರ್ ಅನ್ನೋ ವಿದ್ಯಾರ್ಥಿ ತನ್ನ ಸಣ್ಣ ಕಂಪನಿಗೆ ಫೋನ್ ವ್ಯವಸ್ಥೆ ಕೊಳ್ಳೋಕೆ ದುಡ್ಡು ಸಾಲದೆ 1999ರಲ್ಲಿ ತಾನೇ ಬರೆದದ್ದು. ಅದರ ಮೇಲೆ ಕಟ್ಟಿದ ವಿಸಿಡಯಲ್ ಕೂಡ ಬಿಟ್ಟಿ. ಸಾಫ್ಟ್‌ವೇರ್ ಬಿಟ್ಟಿ ಅಷ್ಟೇ. ಕಂಪ್ಯೂಟರು, ಯುಪಿಎಸ್, ಲೈನು, ಲಿನಕ್ಸ್ ಬಲ್ಲ ಒಬ್ಬ ಮನುಷ್ಯ, ಇವೆಲ್ಲ ದುಡ್ಡಿನವು. ಪಾಸ್‌ವರ್ಡ್ ಸಡಿಲ ಇದ್ದರೆ ಕಳ್ಳರು ಹೊಕ್ಕು ರಾತ್ರೋರಾತ್ರಿ ನಿಮ್ಮ ಲೈನಿಂದ ವಿದೇಶಕ್ಕೆ ಕರೆ ಮಾಡ್ತಾರೆ. ಕಲಬುರಗಿಯಲ್ಲಿ 20 ಜನ ಕೂರಿಸೋ ಕಚೇರಿ ಇದ್ದರೆ ಯೋಚನೆ ಮಾಡಿ, ಇಬ್ಬರಿಗೆ ಬೇಡ.

ಯಾವುದೇ ಕಂಪನಿಯವರು ಬಂದರೂ ಈ ಪ್ರಶ್ನೆ ಕೇಳಿ, ಉತ್ತರ ಬರೆದು ಕೊಡೋಕೆ ಹೇಳಿ.

ನೀವು ಕೊಡೋ ನಂಬರ್ ಯಾವ ದೂರವಾಣಿ ಕಂಪನಿಯದು? ನನ್ನ ಹೆಸರಲ್ಲಿ ಇರ್ತದಾ, ನಿಮ್ಮ ಹೆಸರಲ್ಲಾ? ನಾಳೆ ನಿಮ್ಮನ್ನ ಬಿಟ್ಟರೆ ಆ ನಂಬರ್ ನನ್ನ ಜೊತೆ ಬರ್ತದಾ? ಬರೋದಿಲ್ಲ ಅಂದ್ರೆ ಅದನ್ನ ಗೋಡೆ ಮೇಲೆ ಬರೆಸಬೇಡಿ. ಹಳೆ ನಂಬರನ್ನೇ ಬೋರ್ಡಿನ ಮೇಲೆ ಇಟ್ಟು, ಎತ್ತದ ಕರೆ ಮಾತ್ರ ಹೊಸದಕ್ಕೆ ತಿರುಗೋ ಹಾಗೆ ಮಾಡಿಸಿ.

ಲೆಕ್ಕ ನಿಮಿಷಕ್ಕಾ, 15 ಸೆಕೆಂಡಿಗಾ, 30 ಸೆಕೆಂಡಿಗಾ? ಕೆಲಸದ ಕರೆ 20 ಸೆಕೆಂಡಲ್ಲಿ ಮುಗೀತದೆ, ಪೂರ್ತಿ ನಿಮಿಷದ ದುಡ್ಡು ಯಾಕೆ ಕೊಡಬೇಕು? ಕರೆ ನನ್ನ ಮೊಬೈಲಿಗೂ ರೈತರ ಮೊಬೈಲಿಗೂ ಹೋಗೋದಾದರೆ ಎರಡು ಕಾಲಿಗೂ ದುಡ್ಡಾ? ತಲೆಗೆ ಇಷ್ಟು ಬಾಡಿಗೆನಾ, ಲೈನಿಗೆ ಇಷ್ಟಾ? ಹೇಳೋ ಬೆಲೆಯಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆಯಾ? ತುಂಬಿಸಿದ ದುಡ್ಡಿಗೆ ಅವಧಿ ಇದೆಯಾ? ಹಂಗಾಮಿನ ವ್ಯಾಪಾರದವರು ಈ ಕೊನೇ ಪ್ರಶ್ನೆ ಬಿಡಲೇಬಾರದು. ಹಂಗಾಮು ಮುಗಿದ ಮೇಲೆ ನಾಲ್ಕು ತಿಂಗಳು ನಿಲ್ಲಿಸಿ ಇಡೋಕೆ ಬರ್ತದಾ ಅಂತ ಕೇಳಿ.

ಆನ್ಸರಿಂಗ್ ಮಷಿನ್ ಪತ್ತೆ ಅನ್ನೋ ಸೌಲಭ್ಯ ಆರಿಸಿಡಬಹುದಾ? ಎತ್ತಿದ್ದು ಮನುಷ್ಯನಾ, ವಾಯ್ಸ್‌ಮೇಲ್ ಯಂತ್ರನಾ ಅಂತ ಡಯಲರ್ ಕಿವಿಗೊಟ್ಟು ಕೇಳೋ ತಂತ್ರ ಇದು. ಅಷ್ಟು ಹೊತ್ತು ಎತ್ತಿದವರಿಗೆ ಬರೀ ಮೌನ. ನಮ್ಮ ಕಡೆ ವಾಯ್ಸ್‌ಮೇಲ್ ಇಟ್ಟುಕೊಂಡವರು ತೀರಾ ಕಡಿಮೆ. ಇಲ್ಲದ ಯಂತ್ರವನ್ನ ಹುಡುಕೋಕೆ ಇರೋ ಮನುಷ್ಯನನ್ನ ಕಾಯಿಸೋದು ಯಾಕೆ?

ನನ್ನ ಗ್ರಾಹಕರ ಪಟ್ಟಿ ನಿಮ್ಮ ಹತ್ರ ಎಲ್ಲಿ ಇರ್ತದೆ, ಬಿಟ್ಟ ಮೇಲೆ ಅಳಿಸ್ತೀರಾ? 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಜನರ ನಂಬರ್ ಅವರ ಸ್ವಂತ ಮಾಹಿತಿ. ಯಾರೋ ಮಾರೋ ಪಟ್ಟಿನೂ ಕೊಳ್ಳಬೇಡಿ. ಕೊಂಡ ಪಟ್ಟಿಯಲ್ಲಿ ನಿಮ್ಮ ಹೆಸರು ಗೊತ್ತಿರೋರು ಒಬ್ಬರೂ ಇರೋದಿಲ್ಲ, ದೂರು ಬರೋದು ಅಲ್ಲಿಂದಲೇ.

ಊರಿಗೆ ತಕ್ಕ ಹೊತ್ತು ಹೊಂದಿಸಬಹುದಾ? ನಮ್ಮಲ್ಲಿ ಪಂಪಿಗೆ ತ್ರೀ ಫೇಸ್ ಕರೆಂಟ್ ಇರೋ ಹೊತ್ತಲ್ಲಿ ರೈತ ಫೋನ್ ಎತ್ತೋದಿಲ್ಲ, ಎತ್ತಿದರೂ ಮೋಟರ್ ಸದ್ದಿನಲ್ಲಿ ಕೇಳಿಸೋದಿಲ್ಲ. ಅಮಾಸಿ ದಿನ ಜನ ಘತ್ತರಗಿ ಭಾಗ್ಯವಂತಿ ದರ್ಶನಕ್ಕೆ, ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟಿರ್ತಾರೆ. ಕಂಪನಿ ಕೊಡೋ ವೇಳಾಪಟ್ಟಿಗೆ ಇದು ಗೊತ್ತಿರೋದಿಲ್ಲ, ನೀವೇ ಬದಲಿಸೋಕೆ ಬರಬೇಕು.

ಇನ್ನು ಧ್ವನಿ. ಹಿಡಿದಿಟ್ಟ ಧ್ವನಿ ಹಾಕೋದಾದರೆ, ಕಂಪ್ಯೂಟರ್ ಓದೋ ಕನ್ನಡ ಬೇಡ, ನಿಮ್ಮ ಅಂಗಡಿಯ ಗೊತ್ತಿರೋ ದನಿಯಲ್ಲೇ ಹಿಡಿಸಿ. "ಒಂದ್ ಒತ್ರಿ, ರಿಪೇರಿ. ಎರಡ್ ಒತ್ರಿ, ಹೊಸ ಸಾಮಾನು." ಎರಡೇ ಆಯ್ಕೆ ಇಡಿ. ಸಾದಾ ಕೀಪ್ಯಾಡ್ ಫೋನಿನಲ್ಲೂ ಇದು ನಡೀತದೆ. ಅಕ್ಕಲಕೋಟ, ದುಧನಿ ಕಡೆಯಿಂದ ಬರೋ ಗಿರಾಕಿ ಇದ್ದರೆ ಮೂರನೇ ಆಯ್ಕೆಗೆ ಮರಾಠಿ ಇಡಿ.

ಹವಳಗಾದಲ್ಲಿ ಕೊನೆಗೆ ಏನಾಯ್ತು ಅಂದ್ರೆ, ಸಾವಕಾರ್ರು ಪ್ರೆಡಿಕ್ಟಿವ್ ಬಿಟ್ಟರು, ಸಿಮ್ ಆ್ಯಪನ್ನೂ ಬಿಟ್ಟರು. ಕ್ಲೌಡ್ ನಂಬರ್ ಒಂದು, ಬಳಸೋರು ಇಬ್ಬರು, ಪ್ರಿವ್ಯೂ ಡಯಲರ್. ಹಳೆ ನಂಬರಿಗೆ ಬಂದು ತಪ್ಪಿದ ಕರೆ ಎಲ್ಲಾ ಒಂದು ಪಟ್ಟಿಯಾಗಿ ಪರದೆ ಮೇಲೆ ಬರ್ತದೆ, ಅಂಗಡಿ ಮುಚ್ಚೋ ಮುಂಚೆ ಆ ಪಟ್ಟಿ ಖಾಲಿ ಆಗಬೇಕು ಅಂತ ನಿಯಮ. "ಸೋಮವಾರ ಹಚ್ರಿ" ಅಂದವರ ಹೆಸರು ಸೋಮವಾರ ತಾನೇ ಮೇಲೆ ಬರ್ತದೆ. ಉದ್ರಿ ಕರೆ ಸಾವಕಾರ್ರದ್ದೇ. ಅವರ ತಮ್ಮ ಮೊದಲ ವಾರ ಗೊಣಗಿದ: "ತಾಸಿಗಿ ಇಪ್ಪತ್ತೂ ಆಗವಲ್ದು." ಸಾವಕಾರ್ರು ಅಂದರು: "ಆ ಇಪ್ಪತ್ ಮಂದಿ ಜೋಡಿ ಮಾತಾಡಿ ಇಡ್ತಿಯಲ್ಲ, ಸಾಕು."

ಕೊನೇ ಮಾತು. ದುಡ್ಡು ಕಟ್ಟೋ ಮುಂಚೆ ಒಂದು ವಾರ ಬಿಟ್ಟಿ ಪರೀಕ್ಷೆ ಕೇಳಿ. ಪಟ್ಟಿಯಲ್ಲಿ 20 ನಂಬರ್ ಹಾಕಿ, ಎಲ್ಲಾ ನಿಮ್ಮ ಮನೆಯವರದ್ದೇ, ಗೆಳೆಯರದ್ದೇ ಇರಲಿ. ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ನಾಲ್ಕೂ ಇರಲಿ, ಒಂದಾದರೂ ಕೀಪ್ಯಾಡ್ ಫೋನ್ ಇರಲಿ, ಒಬ್ಬರಾದರೂ ಸಿಗ್ನಲ್ ಮಂದ ಇರೋ ಹೊಲದಲ್ಲಿ ನಿಂತಿರಲಿ. ಮೊದಲ ಕರೆ ನಿಮ್ಮ ಜೇಬಿನ ಫೋನಿಗೇ ಬರಲಿ. ಪರದೆ ಮೇಲೆ ಏನು ಹೆಸರು ಬಂತು, ಹಲೋ ಅಂದ ಮೇಲೆ ಎಷ್ಟು ಹೊತ್ತಿಗೆ ಆ ಕಡೆ ದನಿ ಬಂತು, ಬಂದ ದನಿ ನಿಮ್ಮ ಊರಿನದ್ದು ಅನ್ನಿಸಿತಾ, ಇಷ್ಟು ಗಮನಿಸಿ. ನಿಮಗೇ ಸಿಟ್ಟು ಬಂದರೆ ಗಿರಾಕಿಗೂ ಬರ್ತದೆ. ಅಲ್ಲಿಗೆ ಬಿಟ್ಟುಬಿಡಿ, ಇನ್ನೊಂದು ಕಂಪನಿ ನೋಡಿ.